ಬದಲಿಸುವ ಮೊದಲು ಅಳೆದು ನೋಡು

ಐಟಿಐ ಮುಗಿಸಿ ಸರ್ವಿಸ್ ಸೆಂಟರ್ ಸೇರಿದ್ದೀಯ ಅಂತ ನಿಮ್ಮಮ್ಮ ಹೇಳಿದಾಗ ತುಂಬ ಸಂತೋಷವಾಯಿತು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟುಗಳಿಗೆ ನಿನ್ನನ್ನು ಹಾಕಿದ್ದಾರಂತೆ. ಅಲ್ಲಿ ಎರಡು ಬಾಗಿಲಿನ ದೊಡ್ಡ ಫ್ರಿಜ್ಜುಗಳು ಜಾಸ್ತಿ. ತಾನೇ ನೀರು ಎಳೆದುಕೊಂಡು ತಾನೇ ಐಸ್ ಮಾಡಿ ಡಬ್ಬಿಗೆ ಸುರಿಯುವ ಐಸ್ ಮೇಕರ್ ಅವುಗಳಲ್ಲಿ ಇರುತ್ತದೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: "ಮಾವ, ಐಸ್ ಬರ್ತಿಲ್ಲ ಅಂತ ಕಂಪ್ಲೇಂಟ್ ಬಂದ್ರೆ ಪೂರ್ತಿ ಅಸೆಂಬ್ಲಿ ಬದಲಿಸಿಬಿಡು ಅಂತಾರೆ, ಅದು ಸರೀನಾ?" ಅಂತ. ಸರಿಯಲ್ಲ ಕಣಪ್ಪ. ಕೆಟ್ಟಿದೆ ಅಂತ ಅಳತೆಯಿಂದ ಗೊತ್ತಾಗದೆ ಯಾವ ಪಾರ್ಟನ್ನೂ ಬದಲಿಸಬೇಡ. ಆ ಅಸೆಂಬ್ಲಿಗೆ ಮನೆಯವರು ಸಾವಿರಾರು ರೂಪಾಯಿ ಕೊಡುತ್ತಾರೆ. ಎಷ್ಟೋ ಸಲ ಐಸ್ ಮೇಕರ್ ಚೆನ್ನಾಗಿಯೇ ಇರುತ್ತದೆ, ದೋಷ ನೀರಿನಲ್ಲೋ ಚಳಿಯಲ್ಲೋ ಇರುತ್ತದೆ. ಹೊಸದನ್ನು ಕೂರಿಸಿ ಬಂದ ಮೇಲೆ ಅದೇ ಮನೆಯಿಂದ ಅದೇ ಕಂಪ್ಲೇಂಟ್ ಬಂದರೆ ಅವರ ಎದುರು ಏನು ಹೇಳುತ್ತೀಯ?

ಮೊದಲು ಯಂತ್ರದ ನಡೆ ಗೊತ್ತಿರಲಿ. ಮನೆಯ ಫ್ರಿಜ್ಜಿನೊಳಗೇ ತಾನಾಗಿ ಐಸ್ ಮಾಡುವ ಯಂತ್ರವನ್ನು ಅಮೆರಿಕದ ಸರ್ವೆಲ್ ಕಂಪನಿ 1953ರಲ್ಲಿ ಮಾರುಕಟ್ಟೆಗೆ ತಂದಿತು. ಇವತ್ತಿಗೂ ಕೆಲಸದ ಕ್ರಮ ಹೆಚ್ಚು ಬದಲಾಗಿಲ್ಲ. ವಾಲ್ವ್ ಕೆಲವು ಸೆಕೆಂಡು ತೆರೆದು ಅಚ್ಚಿಗೆ ನೀರು ಬಿಡುತ್ತದೆ, ನೀರು ಗಟ್ಟಿಯಾಯಿತು ಅಂತ ಸೆನ್ಸರ್ ಅಥವಾ ಥರ್ಮೋಸ್ಟಾಟ್ ಹೇಳುತ್ತದೆ, ಐಸ್ ಬೀಳುತ್ತದೆ, ಮತ್ತೆ ನೀರು. ಐಸ್ ಬೀಳಿಸುವ ರೀತಿ ಮಾತ್ರ ಎರಡು ತರಹ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಪ್ಲಾಸ್ಟಿಕ್ ಟ್ರೇಯದ್ದು. ಸಣ್ಣ ಗೇರ್ ಮೋಟರ್ ಟ್ರೇಯನ್ನು ಬೋರಲು ಹಾಕಿ ತಿರುಚುತ್ತದೆ, ಐಸ್ ಉದುರುತ್ತದೆ. ಇನ್ನೊಂದು ಅಮೆರಿಕದ ಮಾದರಿ, ಕೆಲವು ಇಂಪೋರ್ಟೆಡ್ ಫ್ರಿಜ್ಜುಗಳಲ್ಲಿ ಇರುತ್ತದೆ. ಅದರಲ್ಲಿ ಲೋಹದ ಅಚ್ಚು, ಅಚ್ಚಿನ ತಳದಲ್ಲಿ ಹೀಟರ್. ಹೀಟರ್ ಐಸಿನ ಅಂಚನ್ನು ಸ್ವಲ್ಪ ಕರಗಿಸಿದ ಮೇಲೆ ಬೆರಳಿನಂಥ ಕಡ್ಡಿಗಳು ಅದನ್ನು ಹೊರಗೆ ತಳ್ಳುತ್ತವೆ.

ಮನೆಗೆ ಹೋದ ಕೂಡಲೇ ಸ್ಕ್ರೂಡ್ರೈವರ್ ತೆಗೆಯಬೇಡ. ಕೇಳು. ಐಸ್ ಪೂರ್ತಿ ನಿಂತಿದೆಯೋ, ಚಿಕ್ಕದಾಗಿ ಬರುತ್ತಿದೆಯೋ, ಟೊಳ್ಳಾಗಿದೆಯೋ, ಒಂದಕ್ಕೊಂದು ಅಂಟಿ ಗಡ್ಡೆಯಾಗಿದೆಯೋ? ಫಿಲ್ಟರ್ ಯಾವಾಗ ಬದಲಿಸಿದ್ದು? ಮನೆಯಲ್ಲಿ ಇತ್ತೀಚೆಗೆ ಪ್ಲಂಬಿಂಗ್ ಕೆಲಸ ನಡೆಯಿತಾ? ಆಮೇಲೆ ಕಣ್ಣಿನಿಂದ ನೋಡು. ಬಾಗಿಲಿನ ಪ್ಯಾನೆಲ್ಲಿನಲ್ಲಿ ಮಕ್ಕಳು ಐಸ್ ಆಫ್ ಬಟನ್ ಒತ್ತಿಟ್ಟಿರುವುದು ಉಂಟು. ಡಬ್ಬಿ ತುಂಬಿದೆಯೇ ಅಂತ ನೋಡುವ ಕಡ್ಡಿ ಮೇಲೆ ಎದ್ದೇ ನಿಂತಿರುವುದೂ ಉಂಟು. ಕರೆಂಟು ಹೋಗಿ ಬಂದು ಆಗುವ ಬಡಾವಣೆಗಳಲ್ಲಿ ಡಬ್ಬಿಯ ಐಸ್ ಅರ್ಧ ಕರಗಿ ಮತ್ತೆ ಹೆಪ್ಪುಗಟ್ಟಿ ಒಂದೇ ಗಡ್ಡೆಯಾಗಿರುತ್ತದೆ. ಆ ಗಡ್ಡೆಯ ಮೇಲೆ ಕಡ್ಡಿ ಕೂತರೆ ಯಂತ್ರ ಡಬ್ಬಿ ತುಂಬಿದೆ ಅಂತಲೇ ತಿಳಿದು ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಐಸ್ ಯಾರಿಗೂ ಬೇಡದಾಗಲೂ ಹೀಗೇ ಆಗುತ್ತದೆ. ಡಬ್ಬಿ ಖಾಲಿ ಮಾಡಿ, ತೊಳೆದು ಒರೆಸಿ ಇಟ್ಟರೆ ಕೆಲಸ ಮುಗಿಯಿತು. ಅಂಥ ಕಡೆ ವಿಸಿಟ್ ಚಾರ್ಜ್ ಮಾತ್ರ ತಗೊಂಡು ಬಾ.

ಎರಡನೆಯದು ಚಳಿ. ಫ್ರೀಜರ್ ಒಳಗೆ ಮೈನಸ್ 18 ಡಿಗ್ರಿ ಆಸುಪಾಸು ಇರಬೇಕು. ಪ್ಯಾನೆಲ್ ಮೇಲೆ ಕಾಣುವುದು ಅವರು ಇಟ್ಟ ಸೆಟ್ಟಿಂಗ್ ಅಷ್ಟೇ, ಒಳಗಿನ ನಿಜವಾದ ಚಳಿ ಅದೇ ಇರಬೇಕೆಂದಿಲ್ಲ. ಒಂದು ಥರ್ಮಾಮೀಟರ್ ನಿನ್ನ ಬ್ಯಾಗಿನಲ್ಲಿ ಯಾವಾಗಲೂ ಇರಲಿ. ಅದನ್ನು ಸಾಮಾನುಗಳ ಮಧ್ಯೆ ಇಟ್ಟು ಬಾಗಿಲು ಮುಚ್ಚಿ, ಆ ಹೊತ್ತಿನಲ್ಲಿ ನೀರಿನ ಕಡೆ ನೋಡು. ಹೀಟರ್ ಇರುವ ಮಾದರಿಯಲ್ಲಿ ಥರ್ಮೋಸ್ಟಾಟ್ ಕೂಡಿಕೊಳ್ಳುವುದೇ ಅಚ್ಚು ಸುಮಾರು ಮೈನಸ್ 8 ಡಿಗ್ರಿಗೆ ಇಳಿದಾಗ. ಫ್ರೀಜರೇ ಮೈನಸ್ 10ರಲ್ಲಿ ತೇಲುತ್ತಿದ್ದರೆ ಅಚ್ಚು ಆ ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು, ಯೋಚಿಸು. ಆಗ ನೋಡಬೇಕಾದ್ದು ಬಾಗಿಲಿನ ಗ್ಯಾಸ್ಕೆಟ್, ಹಿಂದಿನ ಫ್ಯಾನ್, ಡಿಫ್ರಾಸ್ಟ್. ಐಸ್ ಮೇಕರನ್ನು ಮುಟ್ಟುವ ಅಗತ್ಯವೇ ಇಲ್ಲ.

ಈಗ ನೀರಿನ ಮಾತು. ಇಲ್ಲಿ ಸಮಾಧಾನವಾಗಿ ಓದು, ಬೆಂಗಳೂರಿನ ಐಸ್ ಮೇಕರ್ ಕಂಪ್ಲೇಂಟುಗಳ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ. ಈ ಯಂತ್ರಗಳನ್ನು ಮಾಡಿದ್ದು ನಲ್ಲಿಯಲ್ಲಿ ಒತ್ತಡದ ನೀರು ಬರುವ ಊರುಗಳಿಗೆ. ಬಹಳಷ್ಟು ಮಾಡೆಲ್ಲುಗಳು ಕೇಳುವುದು ಕನಿಷ್ಠ 20 ಪಿಎಸ್‌ಐ, ಅಂದರೆ ಹತ್ತಿರಹತ್ತಿರ 1.4 ಬಾರ್. ನಮ್ಮ ಮನೆಗಳಲ್ಲಿ ಒತ್ತಡ ಕೊಡುವುದು ಮೇಲಿನ ಟ್ಯಾಂಕು. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್. ಹಾಗಾದರೆ 20 ಪಿಎಸ್‌ಐ ಸಿಗಬೇಕಾದರೆ ಟ್ಯಾಂಕಿನ ನೀರು ಫ್ರಿಜ್ಜಿನ ವಾಲ್ವಿಗಿಂತ 14 ಮೀಟರ್ ಮೇಲಿರಬೇಕು. ಒಂದು ಮಹಡಿ ಅಂದರೆ 3 ಮೀಟರ್ ಅಂತ ಇಟ್ಟುಕೋ. ಒಂಟಿ ಮನೆಯಲ್ಲಿ ತಾರಸಿಯ ಟ್ಯಾಂಕಿನಿಂದ ಅಡುಗೆಮನೆಗೆ ಬರುವ ಒತ್ತಡ ಎಷ್ಟು ಅಂತ ನೀನೇ ಲೆಕ್ಕ ಹಾಕಬಹುದು. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮಹಡಿಗಳಿಗೆ ತೊಂದರೆಯಿಲ್ಲ, ಪ್ರೆಶರ್ ಪಂಪ್ ಇಲ್ಲದಿದ್ದರೆ ಮೇಲಿನ ಮಹಡಿಗಳಿಗೆ ತೊಂದರೆ. ಯಾವ ಮಹಡಿ ಅಂತ ಕೇಳಿದಾಗಲೇ ಅರ್ಧ ಉತ್ತರ ಸಿಗುತ್ತದೆ.

ಇನ್ನೊಂದು, ಆರ್‌ಓ. ಕುಡಿಯುವ ನೀರಿನ ಐಸೇ ಬೇಕು ಅಂತ ಮನೆಯವರು ಆರ್‌ಓ ಮೆಷಿನ್ನಿನಿಂದ ಫ್ರಿಜ್ಜಿಗೆ ಪೈಪ್ ಎಳೆಸಿರುತ್ತಾರೆ. ಆಸೆ ನ್ಯಾಯವಾದದ್ದೇ. ಆದರೆ ಗೋಡೆಯ ಮೇಲಿನ ಆರ್‌ಓದಲ್ಲಿ ಇರುವುದು ಒತ್ತಡವಿಲ್ಲದ ಪ್ಲಾಸ್ಟಿಕ್ ಡಬ್ಬಿ, ಅದರ ನೀರು ತನ್ನ ಭಾರಕ್ಕೆ ಇಳಿಯುತ್ತದೆ ಅಷ್ಟೆ. ಆ ನೀರನ್ನು ಫ್ರಿಜ್ಜಿಗೆ ಕೊಡಬೇಕಾದರೆ ಮಧ್ಯೆ ಬೂಸ್ಟರ್ ಪಂಪ್ ಬೇಕೇ ಬೇಕು. ಅಳೆಯಲು ದೊಡ್ಡ ಉಪಕರಣ ಬೇಡ. ಫ್ರಿಜ್ಜಿನ ಹಿಂದಿನ ಕಾಲಿಂಚಿನ ಪೈಪ್ ಬಿಚ್ಚಿ ಒಂದು ಲೀಟರಿನ ಬಾಟಲಿಗೆ ಹಿಡಿ, ಗಡಿಯಾರ ನೋಡು. ಅಮೆರಿಕದ ಮಾದರಿ 7.5 ಸೆಕೆಂಡಿನಲ್ಲಿ 140 ಮಿಲಿಲೀಟರ್ ತುಂಬಿಕೊಳ್ಳುತ್ತದೆ, ನಿಮಿಷಕ್ಕೆ 1.1 ಲೀಟರ್ ಲೆಕ್ಕ. ಅದರಲ್ಲಿ ಬಾಟಲಿ ಒಂದು ನಿಮಿಷದೊಳಗೆ ತುಂಬದಿದ್ದರೆ ಐಸ್ ಚಿಕ್ಕದಾಗಿ, ಟೊಳ್ಳಾಗಿ ಬರುವುದಕ್ಕೆ ಕಾರಣ ಸಿಕ್ಕಿತು. ಟ್ರೇ ಮಾದರಿಗೆ ಆಯಾ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ನೋಡು.

ಒತ್ತಡ ಕಡಿಮೆಯಿದ್ದಾಗ ಆಗುವ ಇನ್ನೊಂದು ಕೇಡು ಬೇಗ ಕಣ್ಣಿಗೆ ಬೀಳುವುದಿಲ್ಲ. ವಾಲ್ವಿನೊಳಗಿನ ರಬ್ಬರ್ ಪರದೆ ಬಿಗಿಯಾಗಿ ಮುಚ್ಚಿಕೊಳ್ಳುವುದು ನೀರಿನ ಒತ್ತಡದಿಂದಲೇ. ಒತ್ತಡ ಸಾಲದಿದ್ದರೆ ಅದು ಸರಿಯಾಗಿ ಕೂರುವುದಿಲ್ಲ, ನೀರು ತೊಟ್ಟಿಕ್ಕುತ್ತದೆ. ಆ ಹನಿ ಫ್ರೀಜರಿನ ಪೈಪಿನ ಬಾಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಬಂದವರು ಪೈಪಿನ ಐಸ್ ಕರಗಿಸಿ ಹೋಗುತ್ತಾರೆ, ಮತ್ತೆ ಕಟ್ಟುತ್ತದೆ. ಆಮೇಲೆ ಬಂದವರು ಅಸೆಂಬ್ಲಿ ಬದಲಿಸುತ್ತಾರೆ, ಆಗಲೂ ಕಟ್ಟುತ್ತದೆ. ಮೂಲ ಇರುವುದು ನೀರಿನ ಲೈನಿನಲ್ಲಿ. ಪೈಪಿನ ಬಾಯಲ್ಲಿ ಐಸ್ ಕಂಡರೆ ಕರಗಿಸಿದ ಮೇಲೆ ಪ್ಲಗ್ ತೆಗೆದು, ನೀರಿನ ಲೈನ್ ತೆರೆದೇ ಇಟ್ಟು ಕಾಯಿ. ಕರೆಂಟಿಲ್ಲದಾಗಲೂ ಹನಿ ಬಿದ್ದರೆ ವಾಲ್ವ್ ಮುಚ್ಚುತ್ತಿಲ್ಲ. ಒತ್ತಡ ಚೆನ್ನಾಗಿದ್ದೂ ಹನಿ ಬಿದ್ದರೆ ಒಳಗೆ ಕಸವೋ ಸುಣ್ಣವೋ ಸಿಕ್ಕಿಕೊಂಡಿದೆ, ವಾಲ್ವ್ ಬದಲಿಸು. ಒತ್ತಡವೇ ಇಲ್ಲದಿದ್ದರೆ ಪ್ಲಂಬರನ್ನು ಕರೆಸಲು ಹೇಳು.

ಚಳಿಯೂ ಸರಿ, ನೀರೂ ಸರಿ ಅಂತಾದ ಮೇಲೆ ಐಸ್ ಮೇಕರ್ ಮುಂದೆ ಕೂರು. ಟ್ರೇ ಮಾದರಿಯಲ್ಲಿ ಬಹುಪಾಲು ಒಂದು ಟೆಸ್ಟ್ ಬಟನ್ ಇರುತ್ತದೆ. ಡಬ್ಬಿ ತೆಗೆದು, ಕೆಳಗೆ ಒಂದು ಪಾತ್ರೆ ಹಿಡಿದು, ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿ. ಟ್ರೇ ತಿರುಗಿ, ತಿರುಚಿಕೊಂಡು, ವಾಪಸ್ಸು ಬಂದು, ನೀರು ಬೀಳಬೇಕು. ಆ ಹೊತ್ತು ಮಾತು ಬಿಟ್ಟು ಕಣ್ಣು, ಕಿವಿ ಅಲ್ಲೇ ಇಡು. ಟ್ರೇ ಅಲ್ಲಾಡಲೇ ಇಲ್ಲ ಅಂದರೆ ಮೋಟರಿಗೆ ಕರೆಂಟು ಬರುತ್ತಿದೆಯಾ ಅಂತ ನೋಡು. ಬರುತ್ತಿದ್ದೂ ತಿರುಗದಿದ್ದರೆ ಮೋಟರ್ ಹೋಗಿದೆ, ಬರದಿದ್ದರೆ ವೈರಿಂಗ್ ಅಥವಾ ಬೋರ್ಡು. ಟಕಟಕ ಸದ್ದು ಬಂದು ಟ್ರೇ ಜಾರಿದರೆ ಗೇರಿನ ಹಲ್ಲು ಸವೆದಿದೆ, ಅಲ್ಲಿ ಯೋಚಿಸುವುದೇನಿಲ್ಲ. ಟ್ರೇ ಚೆನ್ನಾಗಿ ತಿರುಗಿ ನೀರು ಬೀಳದಿದ್ದರೆ ವಾಲ್ವಿನ ಕಡೆ ಹೋಗು. ಬಟನ್ ಒತ್ತಿದಾಗ ಎಲ್ಲವೂ ಸರಿಯಾಗಿ ನಡೆದು ತಾನಾಗಿ ಮಾತ್ರ ನಡೆಯದಿದ್ದರೆ ಅನುಮಾನ ಸೆನ್ಸರ್ ಮೇಲೆ. ಹೀಗೆ ನೋಡಿಕೊಂಡರೆ ಮೀಟರ್ ಎಲ್ಲಿ ಇಡಬೇಕು ಅಂತ ಮೊದಲೇ ಗೊತ್ತಾಗುತ್ತದೆ.

ಮೀಟರ್ ತೆಗೆದಾಗ ಮೊದಲು ಸಾಕೆಟ್ ನೋಡು. ಫೇಸು ನ್ಯೂಟ್ರಲ್ಲಿನ ಮಧ್ಯೆ 230 ಆಸುಪಾಸು, ಫೇಸು ಅರ್ತಿನ ಮಧ್ಯೆಯೂ ಅಷ್ಟೇ, ನ್ಯೂಟ್ರಲ್ ಅರ್ತಿನ ಮಧ್ಯೆ ಸೊನ್ನೆಗೆ ಹತ್ತಿರ. ಅರ್ತ್ ಇಲ್ಲದಿದ್ದರೆ ಕೆಲಸ ನಿಲ್ಲಿಸಿ ಮನೆಯವರಿಗೆ ಹೇಳು. ಒದ್ದೆ ಕೈಯಲ್ಲಿ ಮಕ್ಕಳು ಮುಟ್ಟುವ ಯಂತ್ರ ಅದು. ಓಮ್ ಅಳೆಯುವಾಗ ಪ್ಲಗ್ ಹೊರಗಿರಲೇಬೇಕು. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ಜಿನ ಬೋರ್ಡಿನಲ್ಲಿ ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ 300 ವೋಲ್ಟಿಗಿಂತ ಹೆಚ್ಚು ಡಿಸಿ ಹಿಡಿದಿಟ್ಟುಕೊಂಡಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಮೀಟರಿನಿಂದ ನೋಡಿ, ಆಮೇಲೆ ಕೈ ಹಾಕು. ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಮೀಟರ್ ಸೊನ್ನೆ ತೋರಿಸುತ್ತದಾ ನೋಡು. ಅಳೆಯುವ ಪಾರ್ಟಿನ ಕನೆಕ್ಟರ್ ಬಿಚ್ಚು, ಇಲ್ಲದಿದ್ದರೆ ಬೋರ್ಡಿನ ಬೇರೆ ದಾರಿಯೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಕಿಲೋಓಮ್ ಅಳೆಯುವಾಗ ಎರಡೂ ಪ್ರೋಬಿನ ಲೋಹವನ್ನು ಬೆರಳಲ್ಲಿ ಹಿಡಿಯಬೇಡ, ನಿನ್ನ ಮೈಯ ರೆಸಿಸ್ಟೆನ್ಸೂ ಜೊತೆಗೆ ಸೇರಿ ಅಳತೆ ತಪ್ಪುತ್ತದೆ.

ಫೋನಿನಲ್ಲಿ ವಿಡಿಯೋ ನೋಡಿ ಕಲಿಯುವ ಕಾಲ ನಿಮ್ಮದು. ಕಲಿ, ಆದರೆ ಅದರಲ್ಲಿ ಹೇಳುವ ಅಂಕಿ ಯಾವ ದೇಶದ್ದು ಅಂತ ನೋಡು. ಅಮೆರಿಕದ ಮಾದರಿಯ ಹೀಟರ್ 72 ಓಮ್ ಇರಬೇಕು ಅಂತ ಹೇಳುತ್ತಾರೆ. ಅದು 115 ವೋಲ್ಟಿನಲ್ಲಿ 185 ವ್ಯಾಟ್ ಕೊಡುವ ಹೀಟರ್. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟಿನಿಂದ ಭಾಗಿಸು, 72 ಬರುತ್ತದೆ. ಅಷ್ಟೇ ವ್ಯಾಟಿನ ಹೀಟರನ್ನು 230 ವೋಲ್ಟಿಗೆ ಮಾಡಿದ್ದರೆ ಲೆಕ್ಕ 286 ಓಮ್, ನಾಲ್ಕು ಪಟ್ಟು. ವಿಡಿಯೋದ ಅಂಕಿ ತಲೆಯಲ್ಲಿಟ್ಟುಕೊಂಡು ಹೋದರೆ ಒಳ್ಳೆಯ ಹೀಟರನ್ನು ಕೆಟ್ಟಿದೆ ಅಂತ ಎಸೆಯುತ್ತೀಯ. ಅದೇ ವಿಡಿಯೋಗಳಲ್ಲಿ ಮುಂದಿನ ಮುಚ್ಚಳ ತೆಗೆದು, ಟಿ ಮತ್ತು ಎಚ್ ಅಂತ ಬರೆದ ಎರಡು ತೂತಿಗೆ ವೈರ್ ತುಂಡು ಸಿಕ್ಕಿಸಿ ಯಂತ್ರ ಓಡಿಸುತ್ತಾರೆ. ಆ ತೂತುಗಳಲ್ಲಿ ಇರುವುದು ಲೈನ್ ಕರೆಂಟು. ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿ ನಿಂತಿರದೆ ನೀನು ಅದನ್ನು ಮಾಡಕೂಡದು.

ಅಮೆರಿಕದಿಂದ ವಾಪಸ್ಸು ಬಂದ ನಮ್ಮವರು ಕೆಲವರು ಅಲ್ಲಿಯ ಫ್ರಿಜ್ಜನ್ನೇ ಹಡಗಿನಲ್ಲಿ ತರಿಸಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೇಲೆ ಓಡಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಅಲ್ಲಿ 60, ನಮ್ಮಲ್ಲಿ 50. ಆ ಐಸ್ ಮೇಕರಿನ ಮೋಟರ್ ಹರ್ಟ್ಸಿಗೆ ತಕ್ಕಂತೆ ತಿರುಗುವ ಜಾತಿ, ನೀರು ಬಿಡುವ ಸಮಯವನ್ನೂ ಅದೇ ತೀರ್ಮಾನಿಸುತ್ತದೆ. 7.5 ಸೆಕೆಂಡು ಇಲ್ಲಿ 9 ಆಗುತ್ತದೆ, 140 ಮಿಲಿಲೀಟರ್ ಬೀಳಬೇಕಾದ ಕಡೆ 168 ಬೀಳುತ್ತದೆ. ಅಚ್ಚು ತುಂಬಿ ಚೆಲ್ಲಿ ಕೆಳಗಿನ ಡಬ್ಬಿಯೆಲ್ಲ ಒಂದೇ ಹಲಗೆ ಐಸ್. ಪಾರ್ಟು ಯಾವುದೂ ಕೆಟ್ಟಿಲ್ಲ. ನೀರಿನ ಅಳತೆ ಹೊಂದಿಸುವ ಸ್ಕ್ರೂ ಒಂದನ್ನು ಮುಂದೆಯೇ ಕೊಟ್ಟಿರುತ್ತಾರೆ, ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಅಳೆದು ನೋಡಿದರೆ ಸಾಕು.

ಸೆನ್ಸರ್ ಪರೀಕ್ಷೆ ನನಗೆ ಬಹಳ ಇಷ್ಟವಾದ ಕೆಲಸ. ಮನೆಯವರ ಹತ್ತಿರ ಒಂದು ಸ್ಟೀಲ್ ಲೋಟ ಕೇಳು. ಐಸ್ ಪುಡಿಮಾಡಿ ತುಂಬಿ, ಮೇಲೆ ಸ್ವಲ್ಪವೇ ನೀರು ಹಾಕಿ ಕಲಸು. ಐಸೂ ನೀರೂ ಜೊತೆಗಿರುವವರೆಗೆ ಅದರ ಉಷ್ಣತೆ ಸೊನ್ನೆ ಡಿಗ್ರಿ, ಅದಕ್ಕಿಂತ ನಂಬಿಕೆಯ ಅಳತೆ ನಿನಗೆ ಮನೆಯಲ್ಲಿ ಬೇರೆ ಸಿಗದು. ಸೆನ್ಸರನ್ನು ತೆಳ್ಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರೊಳಗೆ ಮುಳುಗಿಸಿ, ಮೀಟರಿನ ಅಂಕಿ ಏರುತ್ತ ಹೋಗಿ ನಿಲ್ಲುವವರೆಗೆ ಕಾಯಿ. ಈ ಸೆನ್ಸರುಗಳಲ್ಲಿ ಚಳಿ ಹೆಚ್ಚಿದಂತೆ ಓಮ್ ಹೆಚ್ಚುತ್ತದೆ. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವುದು ಸೊನ್ನೆಯಲ್ಲಿ 30 ಕಿಲೋಓಮ್ ಆಸುಪಾಸಿಗೆ ಬರುತ್ತದೆ. ಮಾಡೆಲ್ಲಿನಿಂದ ಮಾಡೆಲ್ಲಿಗೆ ಅಂಕಿ ಬೇರೆ, ಆದ್ದರಿಂದ ಮ್ಯಾನ್ಯುಯಲ್ಲಿನ ಚಾರ್ಟ್ ಎದುರಿಟ್ಟುಕೊಂಡೇ ನೋಡು. ಅಂಕಿ ಏರುತ್ತ ಏರುತ್ತ ನಡುವೆ ಹಾರಿದರೆ, ವೈರ್ ಅಲ್ಲಾಡಿಸಿದಾಗ ಬದಲಾದರೆ, ಸೆನ್ಸರ್ ಅಥವಾ ಅದರ ವೈರ್ ಹೋಗಿದೆ. ಸರಿಯಾಗಿ ಬಂದರೆ ಅದನ್ನು ಬಿಡು, ಅದು ನಿರಪರಾಧಿ.

ವಾಲ್ವಿನ ಕಾಯಿಲ್ ಸುಲಭ. ಮೈಮೇಲಿನ ಚೀಟಿ ಓದು. ಕೆಲವಕ್ಕೆ 230 ವೋಲ್ಟ್ ಎಸಿ, ಕೆಲವಕ್ಕೆ ಕಡಿಮೆ ವೋಲ್ಟಿನ ಡಿಸಿ. ಮೀಟರ್ ಓಎಲ್ ತೋರಿಸಿದರೆ ಕಾಯಿಲ್ ಸುಟ್ಟಿದೆ. ಓಮ್ ಬಂದು, ಟೆಸ್ಟ್ ಹೊತ್ತಿನಲ್ಲಿ ವೋಲ್ಟೂ ಬಂದು, ನೀರು ಬಾರದಿದ್ದರೆ ಒಳಬರುವ ಬಾಯಿಯ ಜಾಲರಿ ನೋಡು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದು ಬಿಳಿ ಸುಣ್ಣ ಕಟ್ಟಿಕೊಂಡಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ ಐಎಸ್ 10500. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತದೆ. ಆ ಸುಣ್ಣ ಟ್ರೇಯ ಗುಳಿಗಳಲ್ಲೂ ಕೂರುತ್ತದೆ. ಆಗ ಐಸ್ ಪೂರ್ತಿ ಉದುರದೆ ಎರಡು ಮೂರು ತುಂಡು ಅಂಟಿಕೊಂಡೇ ಉಳಿದು, ಮುಂದಿನ ನೀರು ಅದರ ಮೇಲೆ ಬಿದ್ದು ಚೆಲ್ಲಿ ಹರಿದು, ತಿರುಚಲಾರದೆ ಗೇರು ಒದ್ದಾಡುತ್ತದೆ. ಸವೆದ ಗೇರಿಗೆ ಹೊಸ ಗೇರು ಹಾಕಿ ಟ್ರೇಯ ಸುಣ್ಣ ಬಿಟ್ಟು ಬಂದರೆ ಹೊಸದೂ ಸವೆಯುತ್ತದೆ. ಸಿಟ್ರಿಕ್ ಆಸಿಡ್ ನೀರಿನಲ್ಲಿ ಟ್ರೇಯನ್ನು ನೆನೆಸಿ ತೊಳೆ, ಕೆರೆಯಬೇಡ. ಮೇಜಿನ ಮೇಲಿಡುವ ಚಿಕ್ಕ ಐಸ್ ಮೆಷಿನ್ನುಗಳಿಗೂ ಇದೇ ಔಷಧ.

ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಕಟ್ಟಿದ ಐಸನ್ನು ಚಾಕುವಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಕುಕ್ಕಬೇಡ. ಹಿಂದೆ ಅಡಗಿರುವ ಗ್ಯಾಸ್ ಪೈಪಿಗೆ ತೂತಾದರೆ ಕೆಲವು ಸಾವಿರದ ಕೆಲಸ ಇಡೀ ಫ್ರಿಜ್ಜಿನ ಬೆಲೆಗೆ ಏರುತ್ತದೆ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಇರುವುದು ಆರ್600ಎ, ಬೇಗ ಹೊತ್ತಿಕೊಳ್ಳುವ ಅನಿಲ. ಕಂಪ್ರೆಸರ್ ಮೇಲೆ ಬೆಂಕಿಯ ಗುರುತಿನ ಸ್ಟಿಕರ್ ಇರುತ್ತದೆ. ಬ್ಲೋ ಟಾರ್ಚ್, ಮೇಣದಬತ್ತಿ, ಯಾವ ಜ್ವಾಲೆಯೂ ಹತ್ತಿರ ಬರಕೂಡದು. ಪ್ಲಗ್ ತೆಗೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಇಟ್ಟು, ಐಸ್ ಕರಗುವವರೆಗೆ ಕಾಯಿ. ಮುಂದಿನ ಕಾಲ್‌ಗೆ ತಡವಾಗುತ್ತದೆ ಅಂದರೆ ಆಗಲಿ.

ಬದಲಿಸಲೇಬೇಕು ಅಂತ ಅಳತೆ ಹೇಳಿದ ಮೇಲೆ ಧೈರ್ಯವಾಗಿ ಬದಲಿಸು. ಫ್ರಿಜ್ಜಿನ ಒಳಗೋಡೆಯ ಸ್ಟಿಕರಿನಲ್ಲಿರುವ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆದುಕೋ. ನೋಡಲು ಒಂದೇ ತರಹ ಇರುವ ಟ್ರೇಗಳಲ್ಲಿ ಕನೆಕ್ಟರ್ ಬೇರೆ ಇರುತ್ತದೆ. ನೀರಿನ ಲೈನ್ ಮುಚ್ಚಿ, ವೈರುಗಳ ಫೋಟೋ ತೆಗೆದುಕೊಂಡು ಬಿಚ್ಚು. ಚಳಿಯಲ್ಲಿ ಪ್ಲಾಸ್ಟಿಕ್ ಲಾಕ್ ಪಟ್ಟನೆ ಮುರಿಯುತ್ತದೆ, ಬಾಗಿಲು ತೆರೆದಿಟ್ಟು ಅದು ಬೆಚ್ಚಗಾಗಲಿ. ಟ್ರೇಯ ತಳದಲ್ಲಿ ಸೆನ್ಸರ್ ಮೇಲೆ ಹೊದಿಸಿದ ಫೋಮ್ ತುಂಡನ್ನು ಎಸೆಯಬೇಡ, ಅದು ಮತ್ತೆ ತನ್ನ ಜಾಗದಲ್ಲೇ ಬಿಗಿಯಾಗಿ ಕೂರಬೇಕು. ಫೋಮ್ ಇಲ್ಲದಿದ್ದರೆ ಸೆನ್ಸರ್ ಟ್ರೇಯ ಬದಲು ಫ್ರೀಜರಿನ ಗಾಳಿಯನ್ನು ಓದುತ್ತದೆ, ನೀರು ಅರ್ಧ ಹೆಪ್ಪುಗಟ್ಟಿದಾಗಲೇ ಐಸ್ ಆಯಿತು ಅಂತ ಟ್ರೇ ಬೋರಲು ಬೀಳುತ್ತದೆ. ಫ್ರಿಜ್ಜು ವಾಲಿದ್ದರೆ ನೀರು ಒಂದು ಕಡೆಗೇ ಸೇರುತ್ತದೆ, ಲೆವೆಲ್ ನೋಡು. ಪೈಪ್ ಬೇಕಾದರೆ ಕುಡಿಯುವ ನೀರಿಗೆಂದೇ ಮಾಡಿದ್ದನ್ನು ಹಾಕು. ಕೈ ತೊಳೆದುಕೊಂಡೇ ಟ್ರೇ ಮುಟ್ಟು, ಆ ಐಸ್ ಮಕ್ಕಳ ಬಾಯಿಗೆ ಹೋಗುವಂಥದ್ದು.

ಕೂರಿಸಿದ ಮೇಲೆ ಮತ್ತೆ ಟೆಸ್ಟ್ ಬಟನ್ ಒತ್ತಿ, ಪೂರ್ತಿ ಸುತ್ತು ಮನೆಯವರ ಎದುರಿಗೇ ನಡೆಸಿ ತೋರಿಸು. ಹಳೆಯ ಪಾರ್ಟನ್ನು ಅವರ ಕೈಗೆ ಕೊಟ್ಟು, ಮೀಟರ್ ಹಚ್ಚಿ, ಎಲ್ಲಿ ಕೆಟ್ಟಿದೆ ಅಂತ ಅವರಿಗೇ ಕಾಣಿಸು. ಬಿಲ್ಲಿನ ಹಿಂದೆ ನೀನು ಅಳೆದ ಅಂಕಿಗಳನ್ನೆಲ್ಲ ಬರೆ: ಫ್ರೀಜರಿನ ಡಿಗ್ರಿ, ನೀರಿನ ಲೆಕ್ಕ, ಸೆನ್ಸರಿನ ಓಮ್. ಮುಂದೆ ಆ ಮನೆಗೆ ಬೇರೆ ಯಾರೇ ಹೋಗಲಿ, ಅವರಿಗೆ ಅದು ದಾರಿ. ಮೊದಲ ಐಸಿಗೆ ಒಂದು ದಿನ ಹಿಡಿಯಬಹುದು ಅಂತ ಹೇಳಿ ಬಾ, ಇಲ್ಲದಿದ್ದರೆ ರಾತ್ರಿಯೇ ಫೋನ್ ಮಾಡುತ್ತಾರೆ. ಹೊಸ ಟ್ರೇಯ, ಹೊಸ ಪೈಪಿನ ವಾಸನೆ ಇರುತ್ತದೆ, ಮೊದಲ ಕೆಲವು ಸುತ್ತಿನ ಐಸನ್ನು ಚೆಲ್ಲಲು ಹೇಳು. ಮಾರನೆಯ ದಿನ ಸಂಜೆ, ಅವರು ಮಾಡುವ ಮೊದಲು ನೀನೇ ಫೋನ್ ಮಾಡಿ ಐಸ್ ಬಿತ್ತಾ, ಗಾತ್ರ ಸರಿಯಿದೆಯಾ, ಪೈಪಿನ ಬಾಯಲ್ಲಿ ಏನಾದರೂ ಕಟ್ಟಿದೆಯಾ ಅಂತ ಕೇಳು. ಕಟ್ಟಿದೆ ಅಂದರೆ ಇನ್ನೊಂದು ಪಾರ್ಟಿಗೆ ಆರ್ಡರ್ ಹಾಕಬೇಡ. ಒಂದು ಲೀಟರಿನ ಬಾಟಲಿ ಹಿಡಿದುಕೊಂಡು ಮತ್ತೆ ಹೋಗು.